ಪಂಚಶೀಲಾಳ ಓಟಕ್ಕೆ ಊರಿನ ಸಹಕಾರ

ಬಿಳಿಗುಡ್ಡದಾಗ ಯಾರೂ ಸುಮ್ಮಸುಮ್ಮನ ಓಡೂದಿಲ್ಲ. ಓಡಿದ್ರ ಅದಕ್ಕೊಂದು ಕಾರಣ ಇರಬೇಕು. ಆ ಕಾರಣ ಹಿಂದ ಬರಾಕತ್ತಿರಬೇಕು, ಇಲ್ಲಾ ಮುಂದ ಹೊಂಟಿರಬೇಕು. ಹಿಂದ ಬರೂದು ನಾಯಿ, ಮುಂದ ಹೊಂಟಿದ್ದು ಶಹಾಪುರದ ಬಸ್ಸು. ಇವೆರಡೂ ಇಲ್ಲದಾಗ ಒಬ್ಬ ಬೆಳೆದ ಮನುಷ್ಯ ನಸುಕಿನಾಗ ಎದ್ದು, ಬೂಟು ಹಾಕ್ಕೊಂಡು, ಬರಿಗೈಲೆ ಓಡಾಕತ್ತಿದ್ರ ನೋಡಿದವರು ಏನಂತ ತಿಳಕೋಬೇಕು? ನೀವೇ ಹೇಳ್ರಿ. ಅದಕ್ಕ ನಾ ಮೊದಲೇ ಹೇಳಿಬಿಡ್ತೀನಿ, ಮುಂದ ಆದದ್ರಾಗ ಊರ ಮಂದೀದು ತಪ್ಪೇನಿಲ್ಲ. ತಪ್ಪೆಲ್ಲಾ ದೇವಿಂದ್ರನ ಬಾಯೀದು.

ದೇವಿಂದ್ರ ಪಂಚಾಯ್ತಿ ವಾಟರ್‌ಮನ್. ಹದಿನಾಲ್ಕು ವರ್ಷದಿಂದ ಊರಿಗೆ ನೀರು ಬಿಡೋ ವಾಲು ತಿರುವಾಕತ್ತಾನ, ಇನ್ನೂ ಹಂಗಾಮಿ. ವರ್ಷಕ್ಕೊಮ್ಮಿ ಅಧ್ಯಕ್ಷರ ಸಹಿ ಬಿದ್ರ ನೌಕರಿ ಉಂಟು, ಬೀಳಲಿಲ್ಲಂದ್ರ ಇಲ್ಲ. ಹಂಗಂತ ಮರ್ಯಾದಿಗೇನು ಕಮ್ಮಿ ಇಲ್ಲ. ಅಧ್ಯಕ್ಷರು ಎತ್ತ ಹೊಂಟಾರ ಅಂತ ಯಾರೂ ನೋಡೂದಿಲ್ಲ. ದೇವಿಂದ್ರ ಎತ್ತ ಹೊಂಟಾನ ಅಂತ ಊರಿನ ಹೆಣ್ಮಕ್ಕಳೆಲ್ಲಾ ಬಾಗಿಲಾಗ ನಿಂತು ನೋಡ್ತಾರ. ಅವ ಟ್ಯಾಂಕಿನ ಕಡೆ ಹೊಂಟ್ರ ಕೊಡ ಹೊರಗ ಬರ್ತಾವ, ಹೋಟೆಲಿನ ಕಡೆ ಹೊಂಟ್ರ ಒಳಗ ಹೋಗ್ತಾವ.

ಇಂಥಾ ದೇವಿಂದ್ರನಿಗೆ ಒಬ್ಬಾಕಿ ಮಗಳು, ಪಂಚಶೀಲಾ. ಒಂಬತ್ತನೇ ಕ್ಲಾಸು. ಮಾತು ಕಮ್ಮಿ, ಕಾಲು ಚುರುಕು. ಹೈಸ್ಕೂಲಿನ ಕ್ರಾಸ್ ಕಂಟ್ರಿ ಟೀಮಿಗೆ ಸೇರಬೇಕಂತ ಆಕಿ ಹಟ ಹಿಡದು ಕುಂತಿದ್ದಳು. ಅದಕ್ಕ ಪೀಟಿ ಮಾಸ್ತರು ಜಲಾಲುದ್ದೀನ ಸಾಬ್ರು ಒಂದು ಶನಿವಾರ ದೇವಿಂದ್ರನನ್ನ ಸಾಲಿಗೆ ಕರಿಸಿದರು. ಈ ಮಾಸ್ತರ ಕೊರಳಾಗ ಸದಾ ಸೀಟಿ, ಕೈಯಾಗ ಸ್ಟಾಪ್‌ವಾಚ್. ತಮ್ಮ ಮಗಳ ನಿಕಾಹದ ದಿನಾನೂ ಸೀಟಿ ತಗದಿಟ್ಟಿರಲಿಲ್ಲ ಅಂತಾರ, ಖರೆ ಸುಳ್ಳು ನನಗ ಗೊತ್ತಿಲ್ಲ.

"ನೋಡಪಾ ದೇವಿಂದ್ರ," ಅಂದರು ಮಾಸ್ತರು. "ಕ್ರಾಸ್ ಕಂಟ್ರಿ ಅಂದ್ರ ಗ್ರೌಂಡಿನಾಗ ಗಾಣದೆತ್ತಿನಂಗ ತಿರುಗೂದಲ್ಲ. ಹೊಲ, ಹಳ್ಳ, ಕಾಲುವಿ ದಂಡಿ, ಕಚ್ಚಾ ರಸ್ತಾ, ಎಲ್ಲಾ ತುಳದು ಓಡೂದು. ಹುಡುಗ್ಯಾರ ಟೀಮಿಗೆ ಆರು ಮಂದಿ ಬೇಕು, ಐದು ಆಗ್ಯಾರ. ಉಳದದ್ದು ಒಂದೇ ಜಾಗ. ಬರೋ ಶನಿವಾರ ಮುಂಜಾನಿ ಏಳಕ್ಕ ನಿನ್ನ ಮಗಳಿಗೆ ಟ್ರಯಲ್. ಸಾಲಿ ಗೇಟಿನಿಂದ ಕಾಲುವಿ ಬ್ರಿಜ್ ಮುಟ್ಟಿ ಮತ್ತ ಗೇಟಿಗೆ ಬರಬೇಕು. ನಾಲ್ಕು ಕಿಲೋಮೀಟರು. ಇಪ್ಪತ್ತು ಮಿನಿಟಿನೊಳಗ ಬಂದ್ರ ಟೀಮಿನಾಗ. ಮ್ಯಾಲ ಒಂದು ಸೆಕೆಂಡಾದ್ರೂ ಇಲ್ಲ. ಅವತ್ತೇ ಮಧ್ಯಾಹ್ನ ಹೆಸರು ಯಾದಗಿರಿಗೆ ಕಳಸಬೇಕು."

"ಆತ್ರಿ ಸರ್."

"ದಿನಾ ನಸುಕಿನಾಗ ಪ್ರಾಕ್ಟೀಸ್ ಬೇಕು. ಒಬ್ಬಾಕಿನ್ನೇ ಬಿಡಂಗಿಲ್ಲ, ಮನ್ಯಾವರು ಯಾರಾರ ಜೋಡಿ ಇರಬೇಕು. ಯಾರು ಬರ್ತೀರಿ?"

ಇಲ್ಲಿ ದೇವಿಂದ್ರ "ಮನ್ಯಾಗ ಕೇಳಿ ಹೇಳ್ತೀನ್ರಿ" ಅಂದಿದ್ರ ಈ ಕಥಿನೇ ಇರ್ತಿದ್ದಿಲ್ಲ. ಆದ್ರ ವರಾಂಡದಾಗ ಹೆಡ್‌ಮಾಸ್ತರು ನಿಂತಿದ್ದರು, ಬ್ಯಾರೆ ಹುಡುಗ್ಯಾರ ತಂದಿಗಳೂ ನಿಂತಿದ್ದರು. ನಾಲ್ಕು ಮಂದಿ ಎದುರಿಗಿದ್ರ ದೇವಿಂದ್ರನ ನಾಲಿಗಿ ಅವನ ಮಾತು ಕೇಳೂದಿಲ್ಲ.

"ಯಾರಂತ ಯಾಕ ಕೇಳ್ತೀರಿ ಸರ್, ನಾನೇ ಓಡ್ತೀನಿ! ನಾನೂ ಹೈಸ್ಕೂಲಿನಾಗ ಓಟದ ಟೀಮಿನಾಗ ಇದ್ದಾಂವ. ಸುರಪುರದ ಗುಡ್ಡ ಒಂದೇ ಉಸುರಿಗೆ ಹತ್ತತಿದ್ದೆ!"

ಟೀಮಿನಾಗ ಇದ್ದದ್ದು ಖರೆ. ಓಡೋರ ಅಂಗಿ, ಟವೆಲ್ಲು, ಚಪ್ಪಲಿ ಕಾಯೋ ಕೆಲಸ ಅವಂದು. ಪಂಚಶೀಲಾ ನೆಲ ನೋಡಿದಳು. ಅಪ್ಪ ಬಸ್ಸಿಗೆ ಓಡೂದನ್ನ ಆಕಿ ಭಾಳ ಸಲ ನೋಡಿದ್ದಳು. ಬಸ್ಸು ಒಮ್ಮಿಯೂ ಸಿಕ್ಕಿದ್ದಿಲ್ಲ.

ಸೋಮವಾರ ನಸುಕಿನಾಗ ಐದೂವರಿಗೆ ಅಪ್ಪ ಮಗಳು ಹೊಂಟರು. ಮೊದಲ ನೂರು ಹೆಜ್ಜಿ ದೇವಿಂದ್ರ ಬರೋಬ್ಬರಿ ಓಡಿದ. ಎದಿ ಮುಂದ, ತಲಿ ಮ್ಯಾಲ, ಮಗಳಿಗೆ "ಉಸುರು ಮೂಗಿನಿಂದ ತಗೋ" ಅಂತ ಪಾಠ ಬ್ಯಾರೆ. ನೂರಾ ಒಂದನೇ ಹೆಜ್ಜಿಗೆ ಮೂಗು, ಬಾಯಿ ಎರಡೂ ಸಾಲದಾದವು. ಅದೇ ಓಣಿಯ ಮಲಕಮ್ಮನ ಮನಿ ಮುಂದ ಬರೋ ಹೊತ್ತಿಗೆ ಕಣ್ಣಾಗ ಚಿಕ್ಕಿ ಕಾಣಾಕತ್ತಿದ್ದವು.

ಮಲಕಮ್ಮ ಅಂಗಳ ಕಸಾ ಹೊಡಿಯಾಕತ್ತಿದ್ದಳು. ವಾಟರ್‌ಮನ್ ಓಡೂದು ನೋಡಿ ಆಕಿ ಕೈಯಾಗಿನ ಬಾರಿಗಿ ಕೆಳಗ ಬಿತ್ತು. ಹದಿನಾಲ್ಕು ವರ್ಷದಾಗ ಆಕಿ ಇಂಥಾದ್ದು ಕಂಡಿದ್ದಿಲ್ಲ.

"ಯವ್ವಾ! ದೇವಿಂದ್ರಾ, ಏನಾತೋ? ಪೈಪ್ ಒಡೀತೇನು? ಮೋಟಾರ್ ಸುಟ್ಟೀತೇನು?"

ದೇವಿಂದ್ರನಿಗೆ ಮಾತಾಡಾಕ ಉಸುರಿದ್ದಿಲ್ಲ. ತಡಿಯಕ್ಕಾ, ಜರಾ ಸುಧಾರಿಸಿಕೊಂಡು ಹೇಳ್ತೀನಿ ಅನ್ನೋ ಅರ್ಥದಾಗ ಕೈ ಎತ್ತಿ ತೋರಿಸಿದ. ಕೈಯಾಗ ಐದು ಬಟ್ಟು ಇದ್ದವು. ಎಲ್ಲರ ಕೈಯಾಗೂ ಇರೋದೇ. ಆದ್ರ ಮಲಕಮ್ಮ ಅವನ್ನ ಎಣಿಸಿದಳು.

"ಐದು ದಿನಾ? ಐದು ದಿನ ನೀರಿಲ್ಲಾ? ಏಳ್ರೆವ್ವಾ, ಏಳ್ರಿ! ಮಕ್ಕೊಂಡು ಏನು ಮಾಡ್ತೀರಿ!"

ಹೊತ್ತು ಹೊಂಡೋದ್ರಾಗ ಊರಿನ ಕೊಡ, ಬಕೀಟು, ಡ್ರಮ್ಮು, ಕೂಸಿಗೆ ಎರಿಯೋ ಬೋಗುಣಿ, ಎಲ್ಲಾ ನಳದ ಮುಂದ ಸಾಲು ಹಚ್ಚಿದವು. ಕರೆಂಟು ಬರೂದು ಏಳಕ್ಕ. ಕರೆಂಟಿಲ್ಲದ ನೀರು ಎಲ್ಲಿಂದ ಬರಬೇಕು? ನೀರು ಬರಲಿಲ್ಲಂತ ಮಲಕಮ್ಮನ ಮಾತು ಖರೆ ಅಂತಾತು. ಖರೆ ಆದ ಮ್ಯಾಲ ಸಾಲು ಮುರೀತು, ಸಾಲು ಮುರದ ಮ್ಯಾಲ ಜಗಳ ಆತು. ಎರಡು ಪ್ಲಾಸ್ಟಿಕ್ ಕೊಡ ಒಡದವು, ಹಳೇ ಲಗ್ನದ ಮಾತುಗಳೆಲ್ಲಾ ಹೊರಗ ಬಂದವು.

ಅಧ್ಯಕ್ಷರಾದ ಸರೋಜಾ ಅವರ ಫೋನು ಆರೂವರಿಗೇ ಬಂತು. "ದೇವಿಂದ್ರ, ಐದು ದಿನ ನೀರು ಬಂದ್ ಅಂತ ಊರಾಗ ಕೈ ಎತ್ತಿ ಸಾರಿಕೊಂತ ಓಡ್ಯಾಡಾಕತ್ತಿಯಂತಲ್ಲ, ಯಾರನ್ನ ಕೇಳಿ?"

"ಅಧ್ಯಕ್ಷರ, ನಾ ಉಸುರು ತಗೋಳಾಕ ಕೈ ಎತ್ತಿದ್ದೆರಿ."

"ಉಸುರು ಮೂಗಿನಿಂದ ತಗೋತಾರೋ, ಕೈಯಿಂದ ತಗೋತಾರೋ?"

ಪಂಚಶೀಲಾ ಅಷ್ಟೊತ್ತಿಗೆ ಓಣಿ ತುದಿ ತನಕ ಹೋಗಿ, ಹಿಂದ ಅಪ್ಪ ಇಲ್ಲದ್ದು ನೋಡಿ, ವಾಪಸ್ ಬಂದಿದ್ದಳು. ಅವತ್ತಿನ ಪ್ರಾಕ್ಟೀಸ್ ಅಷ್ಟೇ.

"ಅಪ್ಪಾ, ನಿನ್ನ ಕೈ ಮುಗೀತೀನಿ, ನಾಳಿಂದ ನೀ ಓಡಬ್ಯಾಡ."

"ಮಾಸ್ತರಿಗೆ ಮಾತು ಕೊಟ್ಟೀನವ್ವ. ಜೋಡಿ ಇರಬೇಕು."

"ಗಾಡಿ ಮ್ಯಾಲ ಬಾ."

ಮಂಗಳವಾರ ಗಾಡಿ ಮ್ಯಾಲ ಹೋದ. ಮಗಳು ಮುಂದ ಓಡಬೇಕು, ಅಪ್ಪ ಹಿಂದ ಬೈಕಿನ ಲೈಟು ಹಾಕ್ಕೊಂಡು ಮೆಲ್ಲಕ ಬರಬೇಕು. ಇದ್ರಾಗ ತಪ್ಪೇನದ? ದೇವಿಂದ್ರನ ಬುದ್ಧಿಗೆ ಏನೂ ಕಾಣಲಿಲ್ಲ. ಮಲಕಮ್ಮನಿಗೆ ಕಂಡಿತು. ಆಕಿ ರಸ್ತಾದಾಗ ಅಡ್ಡ ನಿಂತು ಗಾಡಿ ತರುಬಿದಳು.

"ಥೂ ನಿನ್ನ! ಹಡದ ಮಗಳನ್ನ ದನ ಹೊಡದಂಗ ಹೊಡಕೊಂಡು ಹೊಂಟಿಯಲ್ಲೋ! ಹಿಂದಿನ ಸೀಟು ಖಾಲಿ ಅದ. ಆಕಿನ್ನ ಕೂಡಿಸಿಕೊಂಡ್ರ ಗಾಡಿ ಸವೀತದೇನು?"

"ಯಕ್ಕಾ, ಆಕಿ ಓಡಬೇಕು."

"ಯಾಕ? ಏನು ತಪ್ಪು ಮಾಡ್ಯಾಳ?"

"ತಪ್ಪೇನು ಮಾಡಿಲ್ಲ."

"ತಪ್ಪಿಲ್ಲದ ಹುಡುಗಿಗೆ ಶಿಕ್ಷಾ ಕೊಡಾಕತ್ತಿಯೇನೋ ಪುಣ್ಯಾತ್ಮಾ!"

ಎತ್ತು ಈತು ಅಂದ್ರ ಕೊಟ್ಟಿಗ್ಯಾಗ ಕಟ್ಟು ಅನ್ನೋ ಮಂದಿ ನಮ್ಮವರು. ಎಂಟು ಗಂಟೆಕ್ಕ ಹೋಟೆಲಿನಾಗ ಸುದ್ದಿ: ಪಂಚಶೀಲಾ ಗಣಿತದಾಗ ನಾಪಾಸ್, ಅದಕ್ಕ ಅಪ್ಪ ಓಡಿಸ್ಯಾನ. ಹತ್ತಕ್ಕ ಹುಡುಗಿ ಮೊಬೈಲ್ ಕೇಳಿದ್ದಳಂತ ಆತು. ಮಧ್ಯಾಹ್ನಕ್ಕ ಆಕಿಗೆ ಎರಡು ದಿನದಿಂದ ರೊಟ್ಟಿ ಹಾಕಿಲ್ಲ. ಸಂಜಿಕ ಈ ಸುದ್ದಿ ರಂಗಂಪೇಟೆ ಮುಟ್ಟಿತು. ರಂಗಂಪೇಟೆಯೊಳಗ ಹುಡುಗಿಯ ಸ್ವಾದರಮಾವ ಅಂಬ್ರಪ್ಪ ಇದ್ದ. ದೀಪ ಹಚ್ಚೋ ಹೊತ್ತಿಗೆ ಅವ ಇಬ್ಬರು ಹಿರ್ಯಾರನ್ನ ಕ್ರೂಸರ್ ಜೀಪಿನಾಗ ಹೇರಿಕೊಂಡು ಬಂದೇ ಬಿಟ್ಟ.

ದೇವಿಂದ್ರನ ಹೇಣ್ತಿ ಮಲ್ಲೇಶ್ವರಿ ಚಾಕ್ಕ ಇಟ್ಟಳು. ತವರಿನವರು ಬಂದ ಸಂತೋಷ ಒಂದು ಪಾಲು, ಗಂಡನ ಮ್ಯಾಲಿನ ಸಿಟ್ಟು ಮೂರು ಪಾಲು. ಹಿರ್ಯಾರು ಗೋಡಿಗೆ ಬೆನ್ನು ಕೊಟ್ಟು ಕುಂತರು. ಅಂಬ್ರಪ್ಪ ನಡುವ ಕುಂತು ಮೀಸಿ ಒರಸಿಕೊಂಡ.

"ದೇವಿಂದ್ರ, ನಮ್ಮ ಹುಡುಗಿ ನಿನಗ ಭಾರ ಆಗಿದ್ರ ಹೇಳಿಬಿಡು. ನಾವು ಕರಕೊಂಡು ಹೋಗ್ತೀವಿ. ಗಾಡಿ ಹಿಂದ ಓಡಸೂದು ಸರಿ ಅಲ್ಲ."

"ಮಾವಾರ, ಗಾಡಿ ಹಿಂದ ಅಲ್ರಿ, ಮುಂದ ಓಡಸ್ತೀನಿ!"

"ಕೇಳಿದ್ರೆಲ್ಲಾ?" ಅಂದ ಅಂಬ್ರಪ್ಪ ಹಿರ್ಯಾರ ಕಡೆ ತಿರುಗಿ. "ತನ್ನ ಬಾಯಿಲೇ ಒಪ್ಪಿಕೊಂಡ."

ಪಂಚಶೀಲಾ ಅಡುಗಿ ಮನ್ಯಾಗಿಂದ ಹೊರಗ ಬಂದಳು. ಎರಡು ದಿನದ ಪ್ರಾಕ್ಟೀಸ್ ಹಾಳಾಗಿತ್ತು, ಆಕಿ ಮಾರಿ ಉರಿಯಾಕತ್ತಿತ್ತು. "ಮಾವಾ, ನನಗ ಯಾರೂ ಓಡಸಾಕತ್ತಿಲ್ಲ. ನಾನೇ ಓಡಾಕತ್ತೇನಿ."

"ಎಲ್ಲಿಗವ್ವ?"

"ಕಾಲುವಿ ಬ್ರಿಜ್ ತನಕ."

"ಅಲ್ಲೇನದ?"

"ಏನಿಲ್ಲ."

"ಏನಿಲ್ಲದಲ್ಲಿ ಯಾಕ ಹೋಗ್ತಿ?"

"ವಾಪಸ್ ಬರಾಕ."

ಹಿರ್ಯಾರೊಳಗ ಒಬ್ಬರು ಚಾದ ಕಪ್ಪು ಕೆಳಗಿಟ್ಟು, "ಹುಡುಗಿಗೆ ಗಾಳಿ ಹಿಡದದ, ತಾಯತ ಕಟ್ಟಿಸ್ರಿ" ಅಂದರು. ಇನ್ನೊಬ್ಬರು ತಮ್ಮ ಮೊಮ್ಮಗ ಮಿಲಿಟರಿ ಸೇರೂದಕ್ಕ ಮೊದಲು ಹಿಂಗೇ ಓಡತಿದ್ದ, ಈಗ ತಿಂಗಳಾ ಪಗಾರ ತಗೋತಾನ ಅಂದರು. ಪಗಾರದ ಮಾತು ಬಂದ ಮ್ಯಾಲ ಓಟಕ್ಕ ಒಂದು ತೂಕ ಬಂತು. ಹತ್ತು ಗಂಟೆ ತನಕ ಕುಂತು, ಉಂಡು, "ಓಡಲಿ, ಆದ್ರ ಹಿಂದ ಗಾಡಿ ಬ್ಯಾಡ" ಅಂತ ತೀರ್ಪು ಕೊಟ್ಟು ಹೋದರು.

ಗಾಡಿ ಬಂದ್ ಆತು. ಬುಧವಾರ ದೇವಿಂದ್ರ ಬ್ರಿಜ್ ಮ್ಯಾಲ ನಿಂತ, ಮಲ್ಲೇಶ್ವರಿ ಅರ್ಧ ದಾರ್ಯಾಗ ಬೇವಿನ ಗಿಡದ ಕೆಳಗ ನಿಂತಳು. ನಡುವ ಮಗಳು ಒಬ್ಬಾಕಿ ಓಡಬೇಕು. ಈಗಾದ್ರೂ ಸುಸೂತ್ರ ಆಗಬೇಕಲ್ಲ? ಆಗಲಿಲ್ಲ. ನಮ್ಮ ಕಡೆ ರಸ್ತಾದಾಗ ಒಬ್ಬರು ನಡಕೊಂಡು ಹೊಂಟ್ರೇ ಗಾಡಿ ನಿಲ್ಲಿಸಿ "ಬರ್ರಿ, ಬಿಡ್ತೀನಿ" ಅನ್ನೋ ರೂಢಿ. ಓಡಾಕತ್ತಿದ್ರ ಬಿಡ್ತಾರೇನು? ಮೊದಲು ಹಾಲಿನ ಗಾಡಿ ನಿಂತಿತು. ಆಮ್ಯಾಲ ಶಿರವಾಳಕ್ಕ ಹೋಗೋ ಕನ್ನಡ ಮಾಸ್ತರ ಬೈಕು. ಅದಾದ ಮ್ಯಾಲ ಹತ್ತಿ ಬಿಡಿಸೋ ಆಳುಗಳ ಟಂಟಂ. ಅದ್ರಾಗ ಹದಿನೆಂಟು ಮಂದಿ ಇದ್ದರು, ಎಲ್ಲರೂ ಸರದು ಆಕಿಗೆ ಜಾಗ ಮಾಡಿದರು. ಬರ್ತಾ ಟ್ರ್ಯಾಕ್ಟರು. ಒಬ್ಬೊಬ್ಬರಿಗೂ ನಿಂತು, ಕೈ ಮುಗದು, "ಬ್ಯಾಡ್ರಿ ಕಾಕಾ, ಬ್ಯಾಡ್ರಿ ಯಕ್ಕಾ" ಅಂತ ಹೇಳೂದ್ರಾಗ ನಾಲ್ಕು ಕಿಲೋಮೀಟರಿಗೆ ಐವತ್ತೆರಡು ಮಿನಿಟು ಹಿಡೀತು. ಟ್ರ್ಯಾಕ್ಟರಿನಾಂವ ಸಿಟ್ಟಿಗೆದ್ದ: "ನಮ್ಮ ಗಾಡಿ ಹತ್ತಾಕ ನಾಚಿಕಿ ಆಗ್ತದೇನು?"

"ಅಪ್ಪಾ, ಹಿಂಗಾದ್ರ ನಾ ಟೀಮಿನಾಗ ಇಲ್ಲ," ಅಂದಳು ಪಂಚಶೀಲಾ.

ಗುರುವಾರ ಅವ ಪಂಚಾಯ್ತಿ ಕಂಪ್ಯೂಟರ್ ಆಪರೇಟರ್ ಅಜರುದ್ದೀನನ ಹತ್ತಿರ ಹೋದ. ಕಸದ ಗಾಡಿಯ ಮೈಕಿಗೆ ಅನೌನ್ಸ್ ರೆಕಾರ್ಡ್ ಮಾಡೋದು ಇವನೇ. "ಅಜರು, ಒಂದೇ ಮಾತು ಹೇಳು. ಶನಿವಾರ ಮುಂಜಾನಿ ನನ್ನ ಮಗಳಿಗೆ ಯಾರೂ ಗಾಡಿ ನಿಲ್ಲಸಬ್ಯಾಡ್ರಿ, ಯಾರೂ ಮಾತಾಡಿಸಬ್ಯಾಡ್ರಿ. ಮುಗೀತು."

"ಹಂಗ ಹೇಳಿದ್ರ ಜಗಳ ಮಾಡಿದಂಗ ಆಗ್ತದ ಕಾಕಾ. ನಾ ಬರೋಬ್ಬರಿ ಬರೀತೀನಿ ತಗೋ."

ಸಂಜಿಕ ಕಸದ ಗಾಡಿ ಓಣಿ ಓಣಿ ತಿರುಗಿ ಕೂಗಿತು: "ಈ ಮೂಲಕ ಸಮಸ್ತ ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ನಮ್ಮ ಗ್ರಾಮದ ಹೆಮ್ಮೆಯ ಕುಮಾರಿ ಪಂಚಶೀಲಾ ಇವರು ಶನಿವಾರ ಬೆಳಿಗ್ಗೆ ಏಳು ಗಂಟೆಗೆ ಓಟದಲ್ಲಿ ಭಾಗವಹಿಸಲಿದ್ದು, ಮಾರ್ಗಮಧ್ಯದಲ್ಲಿ ಯಾರೂ ವಾಹನ ನಿಲ್ಲಿಸದೆ, ಸಾರ್ವಜನಿಕರೆಲ್ಲರೂ ಸಹಕರಿಸಬೇಕಾಗಿ ವಿನಂತಿ."

"ಹೆಮ್ಮೆಯ ಅಂತ ಯಾಕ ಹಾಕಿದ್ಯೋ?" ಅಂದ ದೇವಿಂದ್ರ.

"ಅದಿಲ್ಲಂದ್ರ ಕಸದ ಅನೌನ್ಸ್ ಆಗ್ತದ ಕಾಕಾ."

ಬಿ‌ಳಿಗುಡ್ಡದ ಸಾರ್ವಜನಿಕರು ಯಾವತ್ತೂ ಸಹಕರಿಸಿದ ಮಂದಿಯಲ್ಲ. ಮನಿ ಪಟ್ಟಿ ರೊಕ್ಕ ತುಂಬ್ರಿ ಅಂದಾಗ ಸಹಕರಿಸಲಿಲ್ಲ, ಕಸಾ ಬ್ಯಾರೆ ಬ್ಯಾರೆ ಹಾಕ್ರಿ ಅಂದಾಗ ಸಹಕರಿಸಲಿಲ್ಲ. ಈ ಒಂದು ಸಲ ಮಾತ್ರ ಊರಿಗೆ ಊರೇ ಸಹಕರಿಸಾಕ ಎದ್ದು ನಿಂತಿತು. ದೇವಿಂದ್ರನ ನಸೀಬು, ಮತ್ತೇನನ್ನೂದು.

ಶುಕ್ರವಾರ ಸರೋಜಾ ಅಧ್ಯಕ್ಷರು ಅವನನ್ನ ಕರಿಸಿದರು. "ದೇವಿಂದ್ರ, ನಮ್ಮೂರ ಹೆಣ್ಮಗಳು ಓಡತಾಳಂದ್ರ ಪಂಚಾಯ್ತಿ ಸುಮ್ನ ಕುಂದರೂದೇನು? ಶಾಲು, ಹಾರ, ಹಣ್ಣಿನ ಬುಟ್ಟಿ ತರಿಸೀನಿ. ನಾಳಿ ಸನ್ಮಾನ."

"ಅಧ್ಯಕ್ಷರ, ಆಕಿ ಇನ್ನೂ ಏನೂ ಗೆದ್ದಿಲ್ಲರಿ. ನಾಳೇದು ಬರೇ ಟ್ರಯಲ್."

"ಅದಕ್ಕೇ ಅನ್ನೂದು! ಓಟ ಮುಗದ ಮ್ಯಾಲ ಇಟ್ಟುಕೊಂಡು, ಆಕಿ ಗೆಲ್ಲಲಿಲ್ಲಂದ್ರ ಸನ್ಮಾನ ಹೆಂಗ ಮಾಡೂದು? ತಂದ ಶಾಲು ಏನು ಮಾಡೂದು? ಬ್ರಿಜ್ ಮ್ಯಾಲೇ ಮಾಡಿಬಿಡೂಣು. ಅಲ್ಲಿ ಹೆಂಗೂ ಆಕಿ ತಿರುಗಾಕ ನಿಲ್ತಾಳ."

"ನಿಲ್ಲಂಗಿಲ್ಲರಿ, ಮುಟ್ಟಿ ತಿರುಗತಾಳ. ಟೈಮ್ ಅದರಿ."

"ಎರಡು ಮಿನಿಟಿನ ಕೆಲಸ. ಆಂ, ನಿನ್ನ ನೌಕರಿ ಕಾಗದಾನೂ ಟೇಬಲ್ ಮ್ಯಾಲ ಅದ. ಸೋಮವಾರ ಸಹಿ ಮಾಡ್ತೀನಿ ಬಾ."

ಸರೋಜಾ ಅವರ ಮನಸ್ಸಿನಾಗ ಏನೂ ಇದ್ದಿಲ್ಲ. ಎರಡೂ ಮಾತು ಒಂದೇ ಉಸುರಿಗೆ ಬಂದಿದ್ದವು, ಅಷ್ಟೇ. ಆದ್ರ ಹಂಗಾಮಿ ಮನುಷ್ಯನ ಕಿವಿಗೆ ಅವು ಬ್ಯಾರೆ ಬ್ಯಾರೆ ಆಗಿ ಕೇಳೂದಿಲ್ಲ. ಕೂಸು ಹುಟ್ಟೂಕಿಂತ ಮೊದಲು ಕುಲಾಯಿ ಹೊಲಿಸಿದಂಗ ಆತಲ್ಲಪಾ ಅಂತ ಒಳಗೊಳಗೇ ಅನಕೊಂತ, "ಆತ್ರಿ" ಅಂದು ಬಂದ. ಮನ್ಯಾಗ ಮಗಳಿಗೂ ಹೇಳಲಿಲ್ಲ, ಹೇಣ್ತಿಗೂ ಹೇಳಲಿಲ್ಲ. ಹೇಳೋ ಧೈರ್ಯ ಆಗಲಿಲ್ಲ.

ಶನಿವಾರ ಮುಂಜಾನಿ ಏಳಕ್ಕ ಸಾಲಿ ಗೇಟಿನಾಗ ಜಲಾಲುದ್ದೀನ ಮಾಸ್ತರು ಸೀಟಿ ಊದಿದರು. ದೇವಿಂದ್ರನಿಗೆ ಅವರು ಬ್ರಿಜ್ ಮ್ಯಾಲಿನ ಕೆಲಸ ಕೊಟ್ಟಿದ್ದರು. ಮಗಳು ಕಂಬ ಮುಟ್ಟಿ ತಿರುಗಿದಳೋ ಇಲ್ಲೋ ನೋಡಬೇಕು, ಅಷ್ಟೇ. ಅವ ಹೋಗಿ ನೋಡ್ತಾನ, ಬ್ರಿಜ್ ಮ್ಯಾಲ ಶಾಮಿಯಾನಾ ಒಂದೇ ಬಾಕಿ. ಟೇಬಲ್ಲು, ಅದರ ಮ್ಯಾಲ ಹಸಿರು ಬಟ್ಟಿ, ನಾಲ್ಕು ಕುರ್ಚಿ, ಕಸದ ಗಾಡಿಯ ಮೈಕು. ಸ್ತ್ರೀಶಕ್ತಿ ಸಂಘದವರು ಆರತಿ ತಾಟು ಹಿಡದು ನಿಂತಿದ್ದರು, ಮುಂದ ಮಲಕಮ್ಮ. ಅಂಬ್ರಪ್ಪ ರಂಗಂಪೇಟೆಯಿಂದ ಮತ್ತ ಕ್ರೂಸರ್ ತುಂಬಿಸಿಕೊಂಡು ಬಂದಿದ್ದ.

ಪಂಚಶೀಲಾ ದೂರದಾಗ ಕಂಡಳು. ದೇವಿಂದ್ರ ಮೊಬೈಲಿನಾಗ ಟೈಮ್ ನೋಡಿದ. ಎಂಟೂವರಿ ಮಿನಿಟು. ಒಂದು ಗಾಡಿ ನಿಂತಿಲ್ಲ, ಒಬ್ಬರು ಮಾತಾಡಿಸಿಲ್ಲ. ಏನು ಓಟ ಅಂತೀರಿ! ಕಾಲು ನೆಲಕ್ಕ ಹತ್ತಾಕತ್ತಾವೋ ಇಲ್ಲೋ ಅನ್ನಂಗ ಬರಾಕತ್ತಿದ್ದಳು. ಇದು ನನ್ನ ಮಗಳೇನು ಅಂತ ಅವನ ಎದಿ ಉಬ್ಬಿತು. ಆಗ ಹಿಂದಿನಿಂದ ಸರೋಜಾ ಅಂದರು: "ದೇವಿಂದ್ರ, ನಿಲ್ಲಿಸು ಆಕಿನ್ನ."

ದೇವಿಂದ್ರನ ಕೈ ಎದ್ದಿತು. "ನಿಲ್ಲವ್ವ. ಒಂದೇ ಮಿನಿಟು."

ಪಂಚಶೀಲಾ ಕಂಬ ಮುಟ್ಟಿದಳು, ಅಪ್ಪನ ಕೈ ನೋಡಿದಳು, ನಿಂತಳು.

ನಿಂತಿದ್ದೇ ತಡ, ಆರತಿ ಬಂತು. ಕುಂಕುಮ ಬಂತು. ಹಾರ ಬಂತು. ಶಾಲು ಹೊದಿಸಿದರು. ಅಜರುದ್ದೀನ ಮೊಬೈಲ್ ಹಿಡದು, "ಅಕ್ಕಾರ, ಈ ಕಡೆ ನೋಡ್ರಿ... ಇನ್ನೊಮ್ಮಿ... ಶಾಲು ಬಿಚ್ಚಿ ಮತ್ತ ಹೊದಸ್ರಿ, ಅಧ್ಯಕ್ಷರು ಕಣ್ಣು ಮುಚ್ಚ್ಯಾರ" ಅಂದ. ಬಿಚ್ಚಿ ಮತ್ತ ಹೊದಿಸಿದರು. ಅಂಬ್ರಪ್ಪ ನಡುವ ತೂರಿ ತನ್ನ ಹಾರ ಹಾಕಿದ. ಹಣ್ಣಿನ ಬುಟ್ಟಿ ಕೈಯಾಗ ಬಂತು. ದೇವಿಂದ್ರ ಮೊಬೈಲ್ ನೋಡಿದ. ಹತ್ತು ಮಿನಿಟಾತು. ಹತ್ತೂವರಿ ಆತು. ಮಲಕಮ್ಮ ಹುಡುಗಿಯ ಬಾಯಿಗೆ ಸಕ್ರಿ ಹಾಕಿದಳು. ಹನ್ನೊಂದಾತು. ಅಜರುದ್ದೀನ ಮೈಕಿನಾಗ, "ಈಗ ಮಾನ್ಯ ಅಧ್ಯಕ್ಷರು ಎರಡು ಮಾತುಗಳನ್ನ ಆಡಬೇಕಂತ ವಿನಂತಿ" ಅಂದ.

ಪಂಚಶೀಲಾ ಅಳಲಿಲ್ಲ. ಬುಟ್ಟಿ ಹಿಡಕೊಂಡು ಅಪ್ಪನನ್ನ ನೋಡಾಕತ್ತಿದ್ದಳು, ಅಷ್ಟೇ. ಆ ನೋಟ ತಡಕೊಳ್ಳೋದು ದೇವಿಂದ್ರನಿಂದ ಆಗಲಿಲ್ಲ. ಹದಿನಾಲ್ಕು ವರ್ಷ "ಆತ್ರಿ, ಆತ್ರಿ" ಅಂದ ಗಂಟಲಿನಿಂದ ಎಂಥಾ ದನಿ ಬಂತೋ ಅವನಿಗೇ ಗೊತ್ತಿಲ್ಲ.

"ಸಾಕು ನಿಲ್ಲಿಸ್ರಿ!"

ಮುಂದ ನುಗ್ಗಿ ಮಗಳ ಮೈಮ್ಯಾಲಿನ ಶಾಲು ಕಿತ್ತ, ಹಾರ ತಗದ, ಬುಟ್ಟಿ ಕಸಗೊಂಡ. "ಓಡವ್ವ! ಹಿಂದ ನೋಡಬ್ಯಾಡ, ಓಡು!"

ಹುಡುಗಿ ಗುಂಡಿನಂಗ ಹೋದಳು. ಸರೋಜಾ ಮೈಕು ಹಿಡದು ಹಂಗೇ ನಿಂತಿದ್ದರು. "ಏನಿದು ದೇವಿಂದ್ರ? ಕಾರ್ಯಕ್ರಮ ಹಾಳು ಮಾಡ್ತಿಯೇನು?"

ಆಗ ದೇವಿಂದ್ರನಿಗೆ ತಾನು ಏನು ಮಾಡಿದೆ ಅನ್ನೂದು ತಿಳೀತು. ಆದ್ರ ರಸ್ತಾದ ಕಡೆ ಮಗಳು ಹೊಂಟಿದ್ದಳು, ಮತ್ತೊಬ್ಬರು ಆಕಿನ್ನ ಕೂಗಿ ಕರದ್ರ ಮುಗೀತು. ಅವ ಶಾಲು ತಾನೇ ಹೊದ್ದುಕೊಂಡ. ಎರಡೂ ಹಾರ ತನ್ನ ಕೊರಳಿಗೇ ಹಾಕ್ಕೊಂಡ. ಬುಟ್ಟಿ ಎದಿಗೊತ್ತಿ ಹಿಡದು ಟೇಬಲ್ಲಿನ ಮುಂದ ನಿಂತ.

"ಅಧ್ಯಕ್ಷರ, ಸನ್ಮಾನ ನನಗ ಮಾಡ್ರಿ. ಹಡದ ಅಪ್ಪ ನಾನೇ ಇದ್ದೀನಿ. ಆಕಿ ಓಡಬೇಕು, ನಾ ಎಲ್ಲೂ ಓಡಂಗಿಲ್ಲ. ಎಷ್ಟು ಹೊತ್ತಾದ್ರೂ ನಿಂದರ್ತೀನಿ. ಎರಡು ಮಾತಲ್ಲ, ಇಪ್ಪತ್ತು ಮಾತಾಡ್ರಿ!"

ಸರೋಜಾ ಅಜರುದ್ದೀನನ ಕಡೆ ನೋಡಿದರು. ಅಜರುದ್ದೀನ, "ಫೋಟೋಕ್ಕ ನಡೀತದ ಅಕ್ಕಾರ" ಅಂದ. ನಡೀತು. ಅಧ್ಯಕ್ಷರು ಮಾತಾಡಿದರು. ಸಿಸಿ ರಸ್ತಾ, ಗಟಾರ, ಶೌಚಾಲಯ, ಮುಂದಿನ ಎಲೆಕ್ಷನ್ನು, ಒಂದೂ ಬಿಡಲಿಲ್ಲ. ದೇವಿಂದ್ರ ಮಾರಿ ಅವರ ಕಡೆ, ಕಿವಿ ಸಾಲಿ ಕಡೆ ಇಟ್ಟು ಮೂವತ್ತೈದು ಮಿನಿಟು ನಿಂತ. ಮಗಳು ಮುಟ್ಟಿದಳೋ, ಬಿದ್ದಳೋ, ಟೈಮ್ ಮೀರಿತೋ, ಒಂದೂ ತಿಳೀದು. ಇಂಥಾ ಶಿಕ್ಷಾ ವೈರಿಗೂ ಬ್ಯಾಡ. ಕಡೀಕ ಅಧ್ಯಕ್ಷರು ಖುಷಿಯಾಗಿ, "ಭಾಷಣ ಇಷ್ಟು ಲಕ್ಷಗೊಟ್ಟು ಕೇಳಿದಾಂವ ನೀನೊಬ್ಬನೇ ನೋಡು. ಸೋಮವಾರ ಬಾ, ಸಹಿ ಮಾಡ್ತೀನಿ" ಅಂತ ಬೆನ್ನು ಚಪ್ಪರಿಸಿ ಹೋದರು.

ಕೊರಳಾಗ ಹಾರ ಹಂಗೇ ಇಟ್ಟುಕೊಂಡು ದೇವಿಂದ್ರ ಸಾಲಿಗೆ ಬಂದ. ಜಲಾಲುದ್ದೀನ ಮಾಸ್ತರು ಗೇಟಿನಾಗ ಕುರ್ಚಿ ಹಾಕ್ಕೊಂಡು ಕುಂತಿದ್ದರು. ಪಂಚಶೀಲಾ ಕಟ್ಟಿ ಮ್ಯಾಲ ಕುಂತು ನೀರು ಕುಡಿಯಾಕತ್ತಿದ್ದಳು. ಆಕಿ ಮಾರಿ ನೋಡಿ ಏನೂ ತಿಳೀಲಿಲ್ಲ.

"ಬರ್ರಿ ಸನ್ಮಾನಿತರ," ಅಂದರು ಮಾಸ್ತರು. ಸ್ಟಾಪ್‌ವಾಚ್ ಅವನ ಮಾರಿ ಮುಂದ ಹಿಡದರು. "ಹತ್ತೊಂಬತ್ತು ಮಿನಿಟು, ಐವತ್ತೊಂದು ಸೆಕೆಂಡು."

ದೇವಿಂದ್ರ ಅಲ್ಲೇ ನೆಲದ ಮ್ಯಾಲ ಕುಂತುಬಿಟ್ಟ. ಬುಟ್ಟಿಯಾಗಿನ ಬಾಳಿಹಣ್ಣು ಉರುಳಿದವು.

"ಅಜರುದ್ದೀನ ಕಳಿಸಿದ ಫೋಟೋದಾಗ ಟೈಮ್ ಅದ. ಹೋಗೂವಾಗ ಒಂಬತ್ತು ಮಿನಿಟು," ಮಾಸ್ತರು ಮುಂದುವರಿಸಿದರು. "ಬ್ರಿಜ್ ಮ್ಯಾಲ ನೀವು ಮೆರಸಿದ್ದು ಎರಡೂವರಿ. ಬರೂವಾಗ ಎಂಟು ಮಿನಿಟು ಇಪ್ಪತ್ತೊಂದು ಸೆಕೆಂಡು. ನನ್ನ ಸರ್ವಿಸಿನಾಗ ಹೋದದ್ದಕ್ಕಿಂತ ಜಲ್ದಿ ವಾಪಸ್ ಬಂದ ಹುಡುಗಿನ್ನ ಕಂಡಿಲ್ಲ. ಹೆಂಗ ಬಂದೆವ್ವ ಅಂದ್ರ, 'ಸಿಟ್ಟು ಬಂದಿತ್ರಿ ಸರ್' ಅಂತಾಳ. ತಗೋ, ಪಾಲಕರ ಒಪ್ಪಿಗಿ ಕಾಗದ. ಓದಿ ಸಹಿ ಮಾಡು."

ಕಾಗದ ಛಾಪಿಸಿದ್ದು. ಕೆಳಗ ಒಂದು ಸಾಲು ಮಾತ್ರ ಮಾಸ್ತರ ಕೈಬರಹದಾಗ ಇತ್ತು: ಜಿಲ್ಲಾ ಮಟ್ಟದ ಓಟದ ದಿನ ಸದರಿ ಪಾಲಕರು ಯಾದಗಿರಿಗೆ ಬರತಕ್ಕದ್ದಲ್ಲ.

ದೇವಿಂದ್ರ ಅದನ್ನ ಎರಡು ಸಲ ಓದಿದ. "ಇದು ಸರ್ಕಾರದ ರೂಲ್ ಏನ್ರಿ ಸರ್?"

"ಅಲ್ಲ. ನಿನ್ನ ಮಗಳು ಬರಸಿದ್ದು."

ವಾರಪೂರ್ತಿ ಯಾರಿಗಾಗಿ ಬೈಸಿಕೊಂಡ, ಯಾರಿಗಾಗಿ ನೌಕರಿ ಪಣಕ್ಕಿಟ್ಟ? "ಪಂಚಶೀಲಾ, ಇದೇನವ್ವ? ಅಧ್ಯಕ್ಷರು ಮಾಡಿದ್ದಕ್ಕ ನನಗ್ಯಾಕ ಶಿಕ್ಷಾ? ಸನ್ಮಾನ ನಾ ಇಟ್ಟಿದ್ದೇನು? ನಿನ್ನ ಬಿಡಿಸಿ ಕಳಿಸಿದಾಂವ ನಾನೇ ಅಲ್ಲೇನು?"

ಪಂಚಶೀಲಾ ಎದ್ದು ಬಂದು ಅಪ್ಪನ ಎದುರಿಗೆ ಕುಂತಳು.

"ಅಧ್ಯಕ್ಷರು ಕೈ ಮಾಡಿದ್ರ ನಾ ನಿಲ್ತಿದ್ದಿಲ್ಲಪ್ಪ. ಮಾವ ಕೂಗಿದ್ರೂ ನಿಲ್ತಿದ್ದಿಲ್ಲ. ನೀ ಕೈ ಮಾಡಿದಿ. ಅದಕ್ಕ ನಿಂತೆ. ಯಾದಗಿರ್ಯಾಗ ನೀ ಎಲ್ಲಾದ್ರೂ ನಿಂತಿದ್ರ, ಕೈ ಮಾಡಲಿಲ್ಲಂದ್ರೂ ನನ್ನ ಕಾಲು ನಿನ್ನ ಕಡೆನೇ ಬರ್ತಾವ. ಏನು ಮಾಡ್ಲಿ ಹೇಳು?"

ದೇವಿಂದ್ರನಿಗೆ ಸಂಕಟಾನೂ ಆತು, ಸಂತೋಷಾನೂ ಆತು, ಯಾವುದಕ್ಕ ಅಳಬೇಕು ತಿಳೀಲಿಲ್ಲ. ಮಾಸ್ತರ ಕಡೆಯಿಂದ ಪೆನ್ನು ಇಸಕೊಂಡು ಸಹಿ ಮಾಡಿದ. ದಿನಾಂಕಾನೂ ಹಾಕಿದ. ಕಾಗದ ಕೊಟ್ಟು, ಗೇಟಿನ ತನಕ ಹೋಗಿ, ಮತ್ತ ತಿರುಗಿ ಬಂದ.

"ಸರ್, ಮನ್ಯಾಗ ಕುಂತು ಫೋನಾರ ಮಾಡಬಹುದಲ್ರಿ?"

ಜಲಾಲುದ್ದೀನ ಮಾಸ್ತರು ಬಾಯಿ ತಗಿಯೂದ್ರೊಳಗ ಪಂಚಶೀಲಾ ಅಂದಳು: "ನೀ ಮಾಡಬ್ಯಾಡ ಅಪ್ಪಾ. ಓಟ ಮುಗದ ಕೂಡ್ಲೇ ನಾನೇ ಮಾಡ್ತೀನಿ. ಮೊದಲು ನಿನಗೇ ಮಾಡ್ತೀನಿ."